ನನ್ನ ಎಡಗೈಗೆ ಅಂಟಿಸಿದ ಬಾಲ

ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಎಂದು ಯಾರಾದರೂ ಹೊಗಳಿದರೆ ನನಗೆ ಮೈ ಉರಿಯುತ್ತದೆ. ಆ ಅಕ್ಷರ ಬಲಗೈಯದು, ನಾನು ಹುಟ್ಟಾ ಎಡಚಿ. ಒಂದನೇ ಕ್ಲಾಸಿನಲ್ಲಿ ಟೀಚರು ಅಡಿಪಟ್ಟಿ ಹಿಡಿದು, ಮನೆಯಲ್ಲಿ ಅವ್ವ ಸೌಟು ಹಿಡಿದು, ಇಬ್ಬರೂ ಸೇರಿ ಬಳಪವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದರು. ಬರೆಯುವುದು, ಉಣ್ಣುವುದು, ಅರಿಶಿನ ಕುಂಕುಮ ತೆಗೆದುಕೊಳ್ಳುವುದು ಬಲಗೈ ಪಾಲಾಯಿತು. ಯಾರ ಕಣ್ಣಿಗೂ ಬೀಳದ ಕೆಲಸಗಳು ಎಡಗೈಗೆ ಉಳಿದವು. ಸ್ಕ್ರೂ ತಿರುಗಿಸುವುದು, ಸೂಜಿಗೆ ದಾರ ಹಾಕುವುದು, ಸ್ಪ್ರಿಂಗು ಎಷ್ಟು ಬಿಗಿಯಾಗಿದೆ ಎಂದು ಮುಟ್ಟಿ ನೋಡುವುದು. ನಮ್ಮ ಮನೆಯ ಒಲೆ ಉರಿಯುವುದು ಈ ಕೆಲಸಗಳಿಂದಲೇ ಎಂಬುದನ್ನು ಅವ್ವ ಇವತ್ತಿಗೂ ಒಪ್ಪುವುದಿಲ್ಲ.

ಮಂಡಿ ಮೊಹಲ್ಲಾದಲ್ಲಿ ನನ್ನದು ಹೊಲಿಗೆ ಮಿಷಿನ್ ರಿಪೇರಿ ಅಂಗಡಿ. ಅಪ್ಪ ಇಟ್ಟದ್ದು. ಅವರು ಹೋದ ಮೇಲೆ ಇವಳು ಬಾಗಿಲು ಹಾಕುತ್ತಾಳೆ ಎಂದುಕೊಂಡಿದ್ದವರಿಗೆಲ್ಲ ನಿರಾಸೆ ಮಾಡಿ ಹದಿನೆಂಟು ವರ್ಷದಿಂದ ನಡೆಸುತ್ತಿದ್ದೇನೆ. ಮನೆ ಅಶೋಕಪುರಂನಲ್ಲಿ, ನಾನು ಮತ್ತು ಅವ್ವ ಇಬ್ಬರೇ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದೂ ಇಲ್ಲ. "ಅಕ್ಕ, ಮಿಷಿನ್ನಿಗೆ ಹಾಕೋ ಎಣ್ಣೇನ ನಾಲಿಗೆಗೂ ಎರಡು ಹನಿ ಬುಟ್ಕೊಳಿ," ಎಂದು ಗಿರಾಕಿಗಳು ರೇಗಿಸುತ್ತಾರೆ. ರೇಗಿಸಿದವರೇ ಮರುವಾರ ಮಿಷಿನ್ ಹೊತ್ತುಕೊಂಡು ಬರುತ್ತಾರೆ.

ಐದು ವರ್ಷದ ಹಿಂದೆ ಚಾಮರಾಜಪುರಂನ ಒಂದು ಮನೆಗೆ ಹಳೆಯ ಕಾಲು ಮಿಷಿನ್ ನೋಡಲು ಹೋಗಿದ್ದೆ. ಆ ಮನೆಯ ಯಜಮಾನರು ಐಟಿಐನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರ ಹೆಂಡತಿಯ ಮಿಷಿನ್ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದಾಗ ಒಳಕೋಣೆಯಿಂದ ಪೀಂ ಪಿಪ್ ಪೀಂ ಪಿಪ್ ಎಂಬ ಸದ್ದು ಬರತೊಡಗಿತು. ನಾನು ಮಿಷಿನ್ ಓಡುವ ಸದ್ದು ಕೇಳಿಯೇ ರೋಗ ಹೇಳುವವಳು, ತಾಳ ಕೂದಲೆಳೆಯಷ್ಟು ತಪ್ಪಿದರೂ ಕಿವಿಗೆ ಚುಚ್ಚುತ್ತದೆ. ಆ ಸದ್ದಿನಲ್ಲಿ ತಪ್ಪೇ ಇರಲಿಲ್ಲ. ಕೈಯಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಎದ್ದು ಹೋಗಿ ಕೋಣೆಯ ಬಾಗಿಲಲ್ಲಿ ನಿಂತೆ.

"ಏನ್ ಸಾರ್ ಅದು?"

"ಮೋರ್ಸ್ ಕಣಮ್ಮ, ತಂತಿ ಕಚೇರಿಯೋರ ಸಂಕೇತ. ಜಪಾನಿನೋರೊಬ್ರ ಜೊತೆ ಮಾತಾಡ್ತಿದ್ದೀನಿ."

"ಫೋನಿಲ್ದೆ?"

"ಫೋನೂ ಇಲ್ಲ, ಇಂಟರ್‌ನೆಟ್ಟೂ ಇಲ್ಲ. ತಾರಸಿ ಮೇಲೆ ಒಂದು ತಂತಿ ಕಟ್ಟಿದ್ದೀನಲ್ಲ, ಅಷ್ಟೇ."

ಅವತ್ತು ಮಿಷಿನ್ ಅರ್ಧಕ್ಕೆ ಬಿಟ್ಟು ಒಂದು ಗಂಟೆ ಅಲ್ಲೇ ನಿಂತಿದ್ದೆ. ಅವರ ಹೆಂಡತಿ ಎರಡು ಸಲ ಕಾಫಿ ತಂದುಕೊಟ್ಟರು, ಎರಡನೆಯದನ್ನು ಸ್ವಲ್ಪ ಮುಖ ಗಂಟಿಕ್ಕಿಕೊಂಡೇ ಕೊಟ್ಟರು.

ಮೇಷ್ಟ್ರ ಮೇಜಿನ ಮೇಲಿದ್ದದ್ದು ಹಳೆಯ ತಂತಿ ಕಚೇರಿಯಲ್ಲಿ ಟಕಟಕ ಕುಟ್ಟುತ್ತಿದ್ದ ಹಿತ್ತಾಳೆ ಕೀ ಅಲ್ಲ. ಭಾರವಾದ ಕಬ್ಬಿಣದ ತಳ, ಅದರ ಮೇಲೆ ಎರಡು ತೆಳು ರೆಕ್ಕೆ. ಇದಕ್ಕೆ ಪ್ಯಾಡಲ್ ಎನ್ನುತ್ತಾರೆ. ಒಂದು ರೆಕ್ಕೆ ಒತ್ತಿದರೆ ಗಿಡ್ಡ ಸದ್ದು ಬರುತ್ತದೆ, ಅದು ಚುಕ್ಕೆ. ಇನ್ನೊಂದು ಒತ್ತಿದರೆ ಉದ್ದ ಸದ್ದು, ಅದು ಗೆರೆ. ಎರಡನ್ನೂ ಒಟ್ಟಿಗೆ ಚಿವುಟಿ ಹಿಡಿದರೆ ಗೆರೆ, ಚುಕ್ಕೆ, ಗೆರೆ, ಚುಕ್ಕೆ ಎಂದು ಒಂದಾದ ಮೇಲೊಂದು ತಾನಾಗಿ ಬರುತ್ತಾ ಹೋಗುತ್ತದೆ. ಪಕ್ಕದಲ್ಲಿ ಸೋಪಿನ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ಇತ್ತು, ಅದು ಕೀಯರ್. ಚುಕ್ಕೆ ಎಷ್ಟು ಗಿಡ್ಡ, ಗೆರೆ ಎಷ್ಟು ಉದ್ದ, ನಡುವೆ ಎಷ್ಟು ಬಿಡುವು ಎಂಬ ಅಳತೆಯೆಲ್ಲ ಆ ಪೆಟ್ಟಿಗೆಯದು. ಯಾವಾಗ ಒತ್ತಬೇಕು, ಯಾವಾಗ ಬಿಡಬೇಕು ಎಂಬುದಷ್ಟೇ ಬೆರಳಿನದು. ಈ ಬಿಡುವ ವಿಷಯವೇ ಮುಂದೆ ಎರಡು ವರ್ಷ ನನ್ನ ಜೀವ ತಿಂದಿತು.

ಮೇಷ್ಟ್ರ ಹತ್ತಿರವೇ ಕಲಿತೆ. ಸರ್ಕಾರದ ಪರೀಕ್ಷೆ ಕಟ್ಟಿ ಪಾಸಾಗಿ ಹ್ಯಾಮ್ ರೇಡಿಯೋ, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವ ಪರವಾನಗಿ ತೆಗೆದುಕೊಂಡೆ. ಬಿಡಿಭಾಗಗಳ ಕಿಟ್ ತರಿಸಿ ನನ್ನದೇ ಕೀಯರನ್ನು ಅಂಗಡಿಯಲ್ಲೇ ಬೆಸುಗೆ ಹಾಕಿಕೊಂಡೆ. ಪ್ಯಾಡಲ್ಲಿಗೆ ಗುಜರಿ ಸೇರಬೇಕಿದ್ದ ಮಿಷಿನ್ನಿನ ಕಬ್ಬಿಣದ ತುಂಡೇ ತಳವಾಯಿತು, ಗರಗಸದ ಬ್ಲೇಡ್ ಮುರಿದು ಅದರ ಹಲ್ಲನ್ನು ಅರದಿಂದ ತಿಕ್ಕಿ ಸವೆಸಿ ರೆಕ್ಕೆ ಮಾಡಿದೆ. ಮೊದಲ ಸಲ ಅದರ ಮುಂದೆ ಕೂತಾಗ ಎಡಗೈ ತಾನಾಗಿ ಮುಂದೆ ಬಂತು. ಹೊಡೆಯುವವರು ಯಾರೂ ಇರಲಿಲ್ಲ. ಎರಡು ತಂತಿ ಅದಲುಬದಲು ಮಾಡಿ ಬೆಸೆದು ಎಡಗೈಗೆ ಹೊಂದಿಸಿಕೊಂಡೆ.

ಅದನ್ನು ಹದಕ್ಕೆ ತಂದದ್ದು ಮಾತ್ರ ನನ್ನ ಕಸುಬಿನ ರೀತಿಯಲ್ಲಿ. ರೆಕ್ಕೆಗೂ ಅದು ತಾಗುವ ತಿರುಪಿಗೂ ನಡುವೆ ಎಷ್ಟು ಸಂದು ಇರಬೇಕು? ಟೈಲರುಗಳು ಅಳತೆ ಬರೆದುಕೊಳ್ಳುವ ಬಟರ್ ಪೇಪರಿನ ಚೂರು ಸಿಕ್ಕಿಸಿದರೆ ಅದು ಹಿಡಿಯದೆ ಉದುರದೆ ಜಾರುವಷ್ಟು. ಸ್ಪ್ರಿಂಗು ಎಷ್ಟು ಬಿಗಿ ಇರಬೇಕು? ನಮ್ಮಲ್ಲಿ ಬಾಬಿನ್ ಕೇಸನ್ನು, ಅಂದರೆ ಕೆಳದಾರದ ಉರುಳೆ ಕೂರುವ ಪುಟ್ಟ ಲೋಹದ ಡಬ್ಬಿಯನ್ನು, ದಾರದ ತುದಿಯಿಂದ ತೂಗುಬಿಟ್ಟು ಕೈ ಸ್ವಲ್ಪ ಕುಲುಕುತ್ತೇವೆ, ಅದು ಒಂದಂಗುಲ ಜಾರಿ ನಿಲ್ಲಬೇಕು. ಸರ್ರನೆ ಇಳಿದರೆ ಸಡಿಲ, ಅಲ್ಲಾಡದಿದ್ದರೆ ಬಿಗಿ. ಅದೇ ಬುದ್ಧಿ ಇಲ್ಲೂ ಓಡಿಸಿದೆ. ರೆಕ್ಕೆಯ ತುದಿಗೆ ದಾರ ಕಟ್ಟಿ ಮೇಜಿನ ಅಂಚಿನಿಂದ ಬಾಬಿನ್ ಕೇಸ್ ಇಳಿಬಿಟ್ಟೆ. ಖಾಲಿ ಕೇಸಿನ ಭಾರಕ್ಕೆ ಸದ್ದು ಬರಬಾರದು, ದಾರ ತುಂಬಿದ ಬಾಬಿನ್ ಹಾಕಿದ ಕೂಡಲೇ ಬರಬೇಕು. ಬರುವವರೆಗೆ ತಿರುಪನ್ನು ಕಾಲು ಸುತ್ತು, ಅರೆಕಾಲು ಸುತ್ತು ತಿರುಗಿಸುತ್ತ ಒಂದು ಇಡೀ ಭಾನುವಾರ ಕಳೆದೆ. ಸಂಜೆ ಹೊತ್ತಿಗೆ ಪ್ಯಾಡಲ್ ಬೆರಳಿನ ಮನಸ್ಸು ತಿಳಿದುಕೊಂಡ ಹಾಗೆ ನಡೆಯುತ್ತಿತ್ತು.

"ಅದೇನೇ ಅದು, ಎಡಗೈಲಿ ಪಿಪಿಪಿ?" ಅವ್ವ ಅಡುಗೆಮನೆಯಿಂದ ಕೇಳಿದಳು. "ದೇವ್ರು ಕೊಟ್ಟ ಕೈ ಇನ್ನೊಂದು ಅದೆಯಲ್ಲ."

"ಎರಡೂ ಅವನೇ ಕೊಟ್ಟಿದ್ದು ಕಣವ್ವ."

"ಅಂಗೇ ಎದುರು ಮಾತಾಡು ನೀನು."

ಆ ವರ್ಷ ನಾನು ಎಷ್ಟೋ ದೇಶದವರ ಜೊತೆ ಮಾತಾಡಿದೆ. ಯಾರೂ ಯಾವ ಬೀದಿ, ಯಾರ ಪೈಕಿ, ಯಾವ ಕೈ ಎಂದು ಕೇಳಲಿಲ್ಲ. ನಿಮ್ಮ ಮೋರ್ಸ್ ಬಹಳ ಚೊಕ್ಕ ಎಂದರು ಕೆಲವರು. ಅಷ್ಟು ಸಾಕಾಗಿತ್ತು ನನಗೆ, ಸ್ವರ್ಗಕ್ಕೆ ಮೂರೇ ಗೇಣು ಎನ್ನುವ ಹಾಗಿದ್ದೆ.

ಇನ್ನು ಕ್ಲಬ್ಬಿನ ಕಥೆ. ಚಾಮರಾಜಪುರಂನಲ್ಲೇ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮಹಡಿಯ ಮೇಲೆ ನಮ್ಮ ಹ್ಯಾಮ್ ಕ್ಲಬ್ಬಿನ ಕೋಣೆ ಇದೆ, ಮೇಷ್ಟ್ರೇ ಅದಕ್ಕೆ ಹಿರಿಯರು. ವರ್ಷಕ್ಕೊಂದು ಭಾನುವಾರ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಒಂದು ಸ್ಪರ್ಧೆ ನಡೆಯುತ್ತದೆ. ಅಷ್ಟು ಹೊತ್ತಿನಲ್ಲಿ ಎಷ್ಟು ಹೆಚ್ಚು ಜನರನ್ನು ಮೋರ್ಸ್‌ನಲ್ಲಿ ಹಿಡಿದು, ಒಬ್ಬರಿಗೊಬ್ಬರು ನಂಬರ್ ಕೊಟ್ಟು ತೆಗೆದುಕೊಂಡು, ಹಾಳೆಯಲ್ಲಿ ಬರೆಯುತ್ತೀರೋ ಅಷ್ಟು ಗೆಲುವು. ಲ್ಯಾಪ್‌ಟಾಪ್ ಹಚ್ಚಿದರೆ ಅದರ ಚಾರ್ಜರು ರೇಡಿಯೋದೊಳಗೆ ಗುಂಯ್ ಎನ್ನುತ್ತದೆ, ಅದಕ್ಕೇ ನಮ್ಮಲ್ಲಿ ಇನ್ನೂ ಕಾಗದ, ಪೆನ್ನು. ಕೀ ಮೇಲೆ ಬಲಗೈ ಇಟ್ಟವರು ಅದೇ ಕೈಯಲ್ಲಿ ಬರೆಯಲಾರರಲ್ಲ, ಹಾಗಾಗಿ ಪಕ್ಕದಲ್ಲಿ ಇನ್ನೊಬ್ಬರು ಬರೆಯಲು ಕೂರಬೇಕು. ಮೂರು ವರ್ಷ ಕೀ ಮುಂದೆ ಮೇಷ್ಟ್ರು, ಪಕ್ಕದಲ್ಲಿ ಪೆನ್ನು ಹಿಡಿದು ನಾನು. "ನೀನು ಬರಿಯಮ್ಮ, ಅಕ್ಷರ ಮುತ್ತು," ಎನ್ನುತ್ತಿದ್ದರು. ನನಗೆ ಯಾಕೆ ಮೈ ಉರಿಯುತ್ತದೆ ಎಂದು ಈಗ ತಿಳಿಯಿತಲ್ಲ.

ನನಗೆ ಬೇಕಾಗಿದ್ದದ್ದು ಆ ಕೀ ಮುಂದಿನ ಕುರ್ಚಿ. ಅದಕ್ಕೊಂದು ಕಟ್ಟಳೆ ಇತ್ತು. ಸ್ಪರ್ಧೆಗೆ ಕೂರಬೇಕಾದವರು ಮೇಷ್ಟ್ರ ಎದುರು ಐದು ನಿಮಿಷ ಒಂದೂ ತಪ್ಪಿಲ್ಲದೆ ಕಳಿಸಿ ತೋರಿಸಬೇಕು. ಪ್ಯಾಡಲ್ ನಿಮ್ಮದೇ ತರಬಹುದು, ಆದರೆ ಕೀಯರ್ ಮಾತ್ರ ಕ್ಲಬ್ಬಿನದು. ಅದನ್ನು ಮೇಷ್ಟ್ರು ತಮ್ಮ ಕೈಯಾರೆ ಮಾಡಿದ್ದರು. ಮುಚ್ಚಳ ಬಿಚ್ಚುವುದಿರಲಿ, ಅದರ ಒಂದು ಗುಂಡಿ ತಿರುಗಿಸುವ ಧೈರ್ಯವೂ ಯಾರಿಗೂ ಇರಲಿಲ್ಲ.

ಮೊದಲ ವರ್ಷದ ಪರೀಕ್ಷೆಯಲ್ಲಿ ಪ್ಯಾಡಲ್ ಸಿಕ್ಕಿಸಿ ಶುರು ಮಾಡಿದೆ. ಮೋರ್ಸ್‌ನಲ್ಲಿ ಸಿ ಅಕ್ಷರಕ್ಕೆ ಗೆರೆ ಚುಕ್ಕೆ ಗೆರೆ ಚುಕ್ಕೆ. ನಾನು ಕಳಿಸಿದ ಸಿ ಮುಗಿದ ಮೇಲೆ ಇನ್ನೂ ಒಂದು ಗೆರೆ ಬಂತು. ಕೆ ಅಕ್ಷರಕ್ಕೆ ಗೆರೆ ಚುಕ್ಕೆ ಗೆರೆ. ಅದರ ಹಿಂದೆ ಒಂದು ಚುಕ್ಕೆ ಬಂದು ಅಂಟಿಕೊಂಡಿತು. ಗಾಬರಿಯಾಗಿ ಇನ್ನಷ್ಟು ಗಟ್ಟಿಯಾಗಿ ಒತ್ತಿದೆ, ಇನ್ನಷ್ಟು ಕೆಟ್ಟಿತು.

"ಬಾಲ ಬರ್ತಿದೆ ಕಣಮ್ಮ," ಎಂದರು ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತ. "ಬೆರಳು ಬಿಡೋದು ತಡ ಆಗ್ತಿದೆ. ಎಡಗೈ ಅಲ್ವೇ, ಅದಕ್ಕೆ ಆ ಚುರುಕು ಬರೋಲ್ಲ. ಬೇಜಾರು ಮಾಡ್ಕೋಬೇಡ."

ಅವರ ಮಾತಿನಲ್ಲಿ ಕೊಂಕಿರಲಿಲ್ಲ, ಅದಕ್ಕೇ ಹೆಚ್ಚು ನಾಟಿತು. ಮನೆಗೆ ಬಂದು ನನ್ನ ಕೀಯರಿನಲ್ಲಿ ಅದೇ ಹಾಳೆಯನ್ನು ಕಳಿಸಿದೆ. ಒಂದೂ ಬಾಲ ಇಲ್ಲ. ವರ್ಷವಿಡೀ ಅಭ್ಯಾಸ ಮಾಡಿ ಮತ್ತೆ ಹೋದೆ, ಮತ್ತೆ ಅದೇ ಬಾಲ. ಕ್ಲಬ್ಬಿನಲ್ಲಿ ಬ್ಯಾಂಕ್ ಕೆಲಸದ ಒಬ್ಬರಿದ್ದಾರೆ, ಮೈಕ್ ಹಿಡಿದರೆ ಬಿಡದವರು, ಮೋರ್ಸ್ ಕೇಳಿದರೆ ಅರ್ಥವಾಗುತ್ತದೆ, ಕಳಿಸಲು ಸೋಮಾರಿತನ. "ಮನೇಲಿ ಹುಲಿ, ಬೀದೀಲಿ ಇಲಿ," ಎಂದರು ನಗುತ್ತ. ನಾನೂ ಬಿಡಲಿಲ್ಲ, "ನೀವು ಎರಡೂ ಕಡೆ ಬರೀ ಬಾಯಿ," ಎಂದೆ. ಆದರೆ ಆಮೇಲೆ ಮೂರು ತಿಂಗಳು ಯಾರಿಗೂ ಹೇಳದೆ ಬಲಗೈಯಲ್ಲಿ ಕಳಿಸಲು ಕಲಿಯತೊಡಗಿದೆ. ನಲವತ್ತೈದು ದಾಟಿದ ಹೆಂಗಸು ಮತ್ತೆ ಒಂದನೇ ಕ್ಲಾಸಿಗೆ ಹೋಗಿ ಕೂತ ಹಾಗೆ. ಬರಲಿಲ್ಲ. ನನ್ನ ಎಡಗೈ ಮೇಲೆ ನನಗೇ ಅನುಮಾನ ಬಂದುಬಿಟ್ಟಿತ್ತು. ಟೀಚರ ಅಡಿಪಟ್ಟಿ, ಅವ್ವನ ಸೌಟು ಮಾಡಲಾರದ ನೋವನ್ನು ಆ ಅನುಮಾನ ಮಾಡಿತು.

ಈ ವರ್ಷ ಮೇಷ್ಟ್ರಿಗೆ ಭುಜ ಹಿಡಿದುಕೊಂಡಿತ್ತು. ಹನ್ನೆರಡು ಗಂಟೆ ಕೂರಲಾರೆ ಎಂದರು. ಉಳಿದವರಿಗೆಲ್ಲ ಮೈಕೇ ಪ್ರೀತಿ. "ಶನಿವಾರ ಇನ್ನೊಂದು ಸಲ ಕಳಿಸಿ ತೋರ್ಸಮ್ಮ," ಎಂದರು ನನಗೆ. "ಆಯ್ತೋ, ನಾವಿಬ್ರೂ ಸರದಿ ಮೇಲೆ ಕೂರೋಣ. ಆಗ್ಲಿಲ್ವೋ, ಈ ಸ್ಪರ್ಧೆನೇ ಬುಟ್ಬುಡೋಣ. ಮತ್ತೆ ಮತ್ತೆ ನಿನ್ನ ಕೂರ್ಸಿ ತಪ್ಪು ಎಣ್ಸೋಕೆ ನಂಗೂ ಮನಸ್ಸು ಬರ್ತಿಲ್ಲ." ಅಂದರೆ ಇದೇ ಕೊನೆ. ಇದರಲ್ಲಿ ಸೋತರೆ ಕ್ಲಬ್ಬಿನ ಮೋರ್ಸ್ ಮೇಜು ಮುಚ್ಚುತ್ತದೆ, ಮುಚ್ಚಿಸಿದ್ದು ನನ್ನ ಎಡಗೈ ಎಂದಾಗುತ್ತದೆ.

ಆ ವಾರ ಬುಧವಾರವೋ ಗುರುವಾರವೋ, ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಒಬ್ಬಳು ಅಂಗಡಿಗೆ ಬಂದು ಗೋಳೋ ಎಂದಳು. ಹೊಸದಾಗಿ ಎಲೆಕ್ಟ್ರಾನಿಕ್ ಮೋಟರಿನ ಮಿಷಿನ್ ತಗೊಂಡಿದ್ದಳು.

"ಅಕ್ಕ, ನಾನು ಕಾಲು ತೆಗೆದ ಮೇಲೂ ಅದು ಒಂದು ಹೊಲಿಗೆ ತಾನೇ ಹಾಕ್ಬುಡ್ತದೆ. ಕಾಲರ್ ಮೂಲೇಲಿ ದಿನಾ ದಾಟ್ಕೊಂಡು ಹೋಯ್ತದೆ. ನಮ್ಮೆಜಮಾನ್ರು ನಿನ್ ಕಾಲೇ ಸರಿ ಇಲ್ಲ ಅಂತವ್ರೆ."

ಅವಳ ಮನೆಗೇ ಹೋಗಿ ನೋಡಿದೆ. ಮೋಟರಿನ ಪೆಟ್ಟಿಗೆಯಲ್ಲಿ ಒಂದು ಸೆಟಿಂಗ್ ಇರುತ್ತದೆ. ಕಾಲು ತೆಗೆದ ಕೂಡಲೇ ಇದ್ದಲ್ಲೇ ನಿಲ್ಲು ಎನ್ನಬಹುದು, ಅಥವಾ ಸೂಜಿ ಮೇಲೆ ಬರುವವರೆಗೆ ಇನ್ನೊಂದು ಸುತ್ತು ಹಾಕಿ ನಿಲ್ಲು ಎನ್ನಬಹುದು. ಫ್ಯಾಕ್ಟರಿಯಲ್ಲಿ ಕಲಿತವರಿಗೆ ಎರಡನೆಯದೇ ಒಗ್ಗಿರುತ್ತದೆ, ಅವರ ಕಾಲು ಒಂದು ಹೊಲಿಗೆ ಮೊದಲೇ ಏಳುತ್ತದೆ. ಇವಳು ಹಳೆಯ ಕಾಲು ಮಿಷಿನ್ನಿನಲ್ಲಿ ಕಲಿತವಳು. ಸೆಟಿಂಗ್ ಬದಲಾಯಿಸಿದೆ. ಅವಳು ಕಾಲರ್ ಹೊಲಿದಳು, ಮೂಲೆ ಚಾಕುವಿನಿಂದ ಕತ್ತರಿಸಿದ ಹಾಗೆ ಬಂತು.

"ನಿನ್ ಕಾಲು ಸರಿಯಾಗೇ ಇದೆ ಕಣೇ," ಎಂದೆ. "ಕಾಲು ತೆಗೆದ್ಮೇಲೂ ಒಂದು ಹಾಕು ಅಂತ ಮೋಟರಿಗೆ ಹೇಳಿಟ್ಟವ್ರೆ, ಅಷ್ಟೇ."

ಹೇಳಿ ಮುಗಿಸುವಷ್ಟರಲ್ಲಿ ನನ್ನ ಕೈಯ ಸ್ಕ್ರೂಡ್ರೈವರು ಅಲ್ಲೇ ನಿಂತುಹೋಯಿತು. ಆ ಮನೆಯಿಂದ ಅಂಗಡಿಗೆ ಯಾವ ದಾರಿಯಲ್ಲಿ ಬಂದೆನೋ ನನಗೆ ನೆನಪಿಲ್ಲ. ಬಂದವಳೇ ಕಪಾಟಿನಿಂದ ಆ ಎರಡು ವರ್ಷದ ಪರೀಕ್ಷೆಯ ಹಾಳೆಗಳನ್ನು ಹೊರಗೆಳೆದೆ. ಸೋತ ಹಾಳೆಗಳನ್ನು ಯಾಕೆ ಇಟ್ಟುಕೊಂಡಿದ್ದೆನೋ, ಬಹುಶಃ ಸಿಟ್ಟಿಗೆ. ಮೇಷ್ಟ್ರ ಕೆಂಪು ಗುರುತುಗಳನ್ನು ಒಂದೊಂದಾಗಿ ನೋಡಿದೆ. ಬಾಲ ಬಂದದ್ದೆಲ್ಲ ಎರಡೂ ರೆಕ್ಕೆ ಚಿವುಟಿ ಮುಗಿಸುವ ಅಕ್ಷರಗಳಲ್ಲೇ, ಸಿ, ಕೆ, ಆರ್. ಬರೀ ಚುಕ್ಕೆಗಳ ಎಸ್, ಬರೀ ಗೆರೆಗಳ ಓ, ಇವುಗಳಲ್ಲಿ ಎರಡು ವರ್ಷದಲ್ಲಿ ಒಂದೇ ಒಂದು ತಪ್ಪಿಲ್ಲ. ಕೈ ತಪ್ಪು ಮಾಡಿದರೆ ಎಲ್ಲೆಂದರಲ್ಲಿ ಮಾಡುತ್ತದೆ. ಹೀಗೆ ಆರಿಸಿ ಆರಿಸಿ ಒಂದೇ ಜಾಗದಲ್ಲಿ ತಪ್ಪು ಮಾಡುವುದು ಮಿಷಿನ್ ಮಾತ್ರ.

ಕಿಟ್ ಜೊತೆ ಬಂದಿದ್ದ ಸೂಚನೆಯ ಕಾಗದ ಹುಡುಕಿ ಓದಿದೆ. ಅದರಲ್ಲೂ ಹಾಗೇ ಇತ್ತು. ಕೀಯರುಗಳಲ್ಲಿ ಎರಡು ಬಗೆ. ಚಿವುಟಿದ್ದನ್ನು ಬಿಟ್ಟ ಕೂಡಲೇ, ನಡೆಯುತ್ತಿರುವುದನ್ನು ಮುಗಿಸಿ ನಿಲ್ಲುವುದು ಒಂದು. ಬಿಟ್ಟ ಮೇಲೆ ಇನ್ನೊಂದನ್ನು ತಾನಾಗಿ ಸೇರಿಸಿ ನಿಲ್ಲುವುದು ಇನ್ನೊಂದು. ನನ್ನದು ಮೊದಲನೆಯ ಬಗೆ. ಕ್ಲಬ್ಬಿನದು ಎರಡನೆಯದೇ ಆಗಿರಬೇಕು. ಮೇಷ್ಟ್ರ ಬೆರಳು ಒಂದು ಸದ್ದು ಮೊದಲೇ ಏಳುತ್ತದೆ, ಏಳುವುದು ಅವರಿಗೇ ಗೊತ್ತಿಲ್ಲ. ಉಪ್ಪು ಹಾಕುವ ಕೈಗೆ ಅಳತೆ ಗೊತ್ತಿರುತ್ತದಲ್ಲ, ಹಾಗೆ.

ಶನಿವಾರ ಮಧ್ಯಾಹ್ನ ನನ್ನ ಕೀಯರು, ಪ್ಯಾಡಲ್ಲು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕ್ಲಬ್ಬಿಗೆ ಹೋದೆ. ಮೇಷ್ಟ್ರು, ಬ್ಯಾಂಕಿನವರು, ಇನ್ನಿಬ್ಬರು ಇದ್ದರು. ಪರೀಕ್ಷೆಗೆ ಮುಂಚೆ, "ಸಾರ್, ತಪ್ಪು ನನ್ನ ಕೈಯದಲ್ಲ, ನಿಮ್ಮ ಕೀಯರಿನದು," ಎಂದೆ. ಇನ್ನೂ ಸ್ವಲ್ಪ ಮೆತ್ತಗೆ ಹೇಳಬಹುದಿತ್ತು, ಆದರೆ ಎರಡು ವರ್ಷದ ಸಿಟ್ಟು ಮೊದಲು ಬಾಯಿಗೆ ಬಂತು.

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. "ಕುಣೀಲಾರ್ದವ್ಳು ನೆಲ ಡೊಂಕು ಅಂದ್ಳಂತೆ," ಎಂದರು. ಎಲ್ಲರೂ ನಕ್ಕರು.

"ಸರಿ ಸಾರ್. ನೆಲ ಬದಲಾಯಿಸಿ ಕೊಡ್ತೀನಿ, ನೀವು ಕುಣೀರಿ, ನೋಡೋಣ."

ನಗು ನಿಂತಿತು. ಮೇಷ್ಟ್ರಿಗೆ ಯಾರೂ ಹಾಗೆ ಮಾತಾಡುವುದಿಲ್ಲ. ನಾನು ಕಾಯಲಿಲ್ಲ. ಅವರ ಪ್ಯಾಡಲ್ ತಂತಿಯನ್ನು ಕ್ಲಬ್ಬಿನ ಕೀಯರಿನಿಂದ ಕಿತ್ತು ನನ್ನ ಕೀಯರಿಗೆ ಸಿಕ್ಕಿಸಿ, ವೇಗವನ್ನು ಅವರ ವೇಗಕ್ಕೆ ತಂದು, ಕುರ್ಚಿ ಎಳೆದು ಕೊಟ್ಟೆ. "ಯಾರಾದ್ರೂ ಇದ್ದೀರಾ ಅಂತ ಕೂಗ್ತೀವಲ್ಲ, ಸಿಕ್ಯೂ ಸಿಕ್ಯೂ ಅಂತ, ಅಷ್ಟು ಕಳಿಸಿ ಸಾರ್. ಸಾಕು."

ಅವರು ನೋಯುವ ಭುಜವನ್ನು ಸರಿಮಾಡಿಕೊಂಡು ಕೂತರು. ಬೆರಳು ರೆಕ್ಕೆಗೆ ತಾಗಿತು. ಗೆರೆ ಚುಕ್ಕೆ ಗೆರೆ. ಅಷ್ಟೇ. ಕೊನೆಯ ಚುಕ್ಕೆ ಬರಲಿಲ್ಲ, ಸಿ ಬರಬೇಕಾದ ಕಡೆ ಕೆ ಬಂತು. ಅವರು ಹುಬ್ಬು ಗಂಟಿಕ್ಕಿ ಮತ್ತೆ ಕಳಿಸಿದರು, ಮತ್ತೆ ಕೆ. ನಿಧಾನ ಮಾಡಿ ಕಳಿಸಿದರು, ಮತ್ತೆ ಅದೇ. ನಲವತ್ತು ವರ್ಷ ಮೋರ್ಸ್ ಕಳಿಸಿದ ಕೈ, ಮೊದಲ ಅಕ್ಷರದಲ್ಲೇ ಮುಗ್ಗರಿಸುತ್ತಿತ್ತು. ಬ್ಯಾಂಕಿನವರು ಗೋಡೆಯ ಕಡೆ ನೋಡಿದರು.

ಗೆದ್ದೆ ಎನ್ನಿಸಿದ್ದು ನಿಜ, ಆ ಮುಖ ನೋಡಿ ಪಾಪ ಎನ್ನಿಸಿದ್ದೂ ನಿಜ. "ನಿಮ್ ಕೈಯೂ ಸರಿಯಾಗಿದೆ ಸಾರ್," ಎಂದೆ. "ನಿಮ್ಮ ಪೆಟ್ಟಿಗೆ ಕೊನೇದೊಂದನ್ನ ತಾನೇ ಸೇರಿಸ್ತದೆ, ನಿಮ್ ಬೆರಳು ಅದನ್ನ ನಂಬ್ಕೊಂಡಿದೆ. ನನ್ ಪೆಟ್ಟಿಗೆ ಸೇರ್ಸಲ್ಲ. ಅಷ್ಟೇ ವ್ಯತ್ಯಾಸ."

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. "ನಾನೇ ಹಂಗೆ ಮಾಡಿದ್ದು," ಎಂದರು ಕೊನೆಗೆ. "ಯಾವತ್ತೋ ಮಾಡಿ ಮರ್ತುಬುಟ್ಟೆ. ಎರಡು ವರ್ಷ ನಿಂಗೆ ಅನ್ಯಾಯ ಮಾಡ್ಬುಟ್ಟೆ ಕಣಮ್ಮ. ಎಡಗೈ, ಎಡಗೈ ಅಂತ ಬೇರೆ ಅಂದೆ." ಮೇಜಿನ ಡ್ರಾಯರಿನಿಂದ ಸಣ್ಣ ಸ್ಕ್ರೂಡ್ರೈವರ್ ತೆಗೆದು ನನ್ನ ಮುಂದೆ ಇಟ್ಟರು. "ಮುಚ್ಚಳ ನೀನೇ ಬಿಚ್ಚು."

ನಾಲ್ಕು ತಿರುಪು ಬಿಚ್ಚಿದೆ. ಒಳಗೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಒಂದು ಕರಿಯ ಟೋಪಿ ಎರಡು ಕಡ್ಡಿಗಳ ಮೇಲೆ ಕೂತಿತ್ತು, ಕೊನೆಯದೊಂದನ್ನು ಸೇರಿಸಬೇಕೋ ಬೇಡವೋ ಎಂದು ಪೆಟ್ಟಿಗೆಗೆ ಹೇಳುವುದು ಅದೇ. ಅದನ್ನು ಚಿಮುಟದಲ್ಲಿ ಎತ್ತಿ ಪಕ್ಕದ ಕಡ್ಡಿಗೆ ಹಾಕಿದೆ. ಎರಡು ವರ್ಷದ ಅವಮಾನ ಅಷ್ಟೇ ಗಾತ್ರದ್ದಾಗಿತ್ತು. ಆಮೇಲೆ ನನ್ನ ಪ್ಯಾಡಲ್ ಸಿಕ್ಕಿಸಿ ಎಡಗೈ ಇಟ್ಟು ಐದು ನಿಮಿಷ ಕಳಿಸಿದೆ. ಸಿ ಮುಗಿದಲ್ಲಿ ಮುಗಿಯಿತು, ಕೆ ನಿಂತಲ್ಲಿ ನಿಂತಿತು. ಮೇಷ್ಟ್ರ ಕೈಯಲ್ಲಿ ಕೆಂಪು ಪೆನ್ನಿತ್ತು, ಹಾಳೆಗೆ ತಾಗಲೇ ಇಲ್ಲ. ಅಳು ಬಂತು, ನುಂಗಿದೆ. ಬ್ಯಾಂಕಿನವರ ಮೇಲೆ ಒಂದು ಒಳ್ಳೆಯ ಬೈಗುಳವೂ ಬಂತು, ಅದನ್ನೂ ನುಂಗಿದೆ. ಅವರೇ ಎದ್ದು ಬಂದು, "ಹುಲೀನೇ ಕಣ್ರೀ ನೀವು, ಎಲ್ಲಾ ಕಡೆ," ಎಂದು ಕೆಳಗೆ ಹೋಗಿ ಎಲ್ಲರಿಗೂ ಟೀ ಹೇಳಿ ಬಂದರು.

ಮರುದಿನ ಬೆಳಗ್ಗೆ ಆರಕ್ಕೆ ಐದು ನಿಮಿಷ ಇರುವಾಗ ಕೀ ಮುಂದಿನ ಕುರ್ಚಿಯಲ್ಲಿ ಕೂತೆ. ಮೂರು ಗಂಟೆ ನಾನು, ಆಮೇಲೆ ತಮ್ಮ ಸೆಟಿಂಗ್ ಹಾಕಿಕೊಂಡು ಮೇಷ್ಟ್ರು, ಹೀಗೆ ಸರದಿ ಎಂದು ಮಾತಾಗಿತ್ತು. ನನ್ನ ಸರದಿಯಲ್ಲಿ ಬರೆಯುವವರು ಅವರು. ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಪೆನ್ನಿನ ಮುಚ್ಚಳ ತೆಗೆದು, ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಆರು ಹೊಡೆಯಿತು. ಕೂಗಿದೆ. ಮೊದಲು ಒಬ್ಬ ಬಂದ, ಅವನ ಹಿಂದೆ ಮೂವರು, ಆಮೇಲೆ ಸಂತೆ. ಒಬ್ಬನನ್ನು ಹಿಡಿದು ಎಡಗೈಯಲ್ಲಿ ನಂಬರ್ ಕೊಡುತ್ತಿದ್ದ ಹಾಗೇ ಬಲಗೈ ತಾನಾಗಿ ಮೇಷ್ಟ್ರ ಮುಂದಿನ ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡು ಬರೆಯತೊಡಗಿತು. ಮೂರು ವರ್ಷ ಅದಕ್ಕೆ ಅದೇ ಕೆಲಸವಲ್ಲವೇ. ನಾನು ಯೋಚಿಸಿ ಮಾಡಿದ್ದಲ್ಲ. ಎಡಗೈ ಕಳಿಸುತ್ತಿತ್ತು, ಬಲಗೈ ಬರೆಯುತ್ತಿತ್ತು, ಎರಡಕ್ಕೂ ಒಂದನ್ನೊಂದು ಕೇಳುವ ಅಗತ್ಯವೇ ಇರಲಿಲ್ಲ. ಒಬ್ಬರು ಹೇಳಿ ಇನ್ನೊಬ್ಬರು ಬರೆದು, ಸರಿಯಾ ಎಂದು ಕೇಳಿ, ತಲೆಯಾಡಿಸಿ, ಇದಕ್ಕೆಲ್ಲ ಹೋಗುತ್ತಿದ್ದ ಹೊತ್ತು ಪೂರ್ತಿ ಉಳಿಯಿತು. ಹಿಂದಿನವನ ನಂಬರಿನ ಶಾಯಿ ಆರುವ ಮೊದಲೇ ಮುಂದಿನವನಿಗೆ ಉತ್ತರ ಹೋಗುತ್ತಿತ್ತು.

ಮೇಷ್ಟ್ರು ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡೇ ನೋಡಿದರು. ಆಮೇಲೆ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. "ನಂಗೇನು ಕೆಲ್ಸ ಇಲ್ಲಿ?" ಎಂದರು ಯಾರಿಗೆಂದಿಲ್ಲದೆ.

ಒಂಬತ್ತು ಗಂಟೆಗೆ ಹೆಡ್‌ಫೋನಿನ ಒಂದು ಕಿವಿ ಸರಿಸಿ, "ಸಾರ್, ನಿಮ್ ಸರದಿ," ಎಂದೆ.

"ಸುಮ್ನೆ ಕೂತ್ಕೊ. ಓಡೋ ಎತ್ತಿನ ನೊಗ ಯಾರಾದ್ರೂ ಬಿಚ್ತಾರೇನಮ್ಮ?"

ಹಾಗೆಂದು ಅವರು ಎದ್ದು ಹೋಗಲೂ ಇಲ್ಲ. ಹಾಳೆ ಮುಗಿದಾಗ ಹೊಸ ಹಾಳೆ ಇಟ್ಟರು, ಪೆನ್ನು ಕೈಕೊಟ್ಟಾಗ ತಮ್ಮದನ್ನು ಕೊಟ್ಟರು. ಮಧ್ಯಾಹ್ನ ಅವರ ಮನೆಯಿಂದ ಬಂದ ಚಿತ್ರಾನ್ನವನ್ನು ಬಲಗೈಯಲ್ಲಿ ತಿಂದೆ, ಎಡಗೈ ಕೂಗುವುದನ್ನು ನಿಲ್ಲಿಸಲಿಲ್ಲ. ಯಾರಾದರೂ ಉತ್ತರ ಕೊಟ್ಟರೆ ಕೈ ತೊಳೆಯುವಷ್ಟು ಬಿಡುವೂ ಸಿಗದೆ ನಾಲ್ಕು ಹಾಳೆಗೆ ಅರಿಶಿನ ಮೆತ್ತಿಕೊಂಡಿತು. ಸಂಜೆ ನಾಲ್ಕರ ಹೊತ್ತಿಗೆ ಬೆನ್ನು ಮುರಿದುಹೋದ ಹಾಗೆ ನೋಯುತ್ತಿತ್ತು, ಕಿವಿಯಲ್ಲಿ ಪೀಂಗುಟ್ಟುವುದು ಬಿಟ್ಟರೆ ಬೇರೇನೂ ಇರಲಿಲ್ಲ. ಆದರೂ ಒಬ್ಬನನ್ನೂ ಬಿಡುವ ಮನಸ್ಸಿರಲಿಲ್ಲ. ದೂರದಿಂದ, ಕೇಳಿಯೂ ಕೇಳದ ಹಾಗೆ ಬರುತ್ತಿದ್ದವನನ್ನೂ ಕಿವಿ ಚೂಪು ಮಾಡಿ ಎಳೆದುಕೊಂಡು ಬಂದೆ. ಅಂಥ ಸುಖ ನಾನು ಬದುಕಿನಲ್ಲಿ ಕಂಡಿರಲಿಲ್ಲ.

ಆರು ಗಂಟೆಗೆ ಕೈ ಎತ್ತಿದೆ. ಹಿಂದಿನ ವರ್ಷ ನಾವಿಬ್ಬರು ಸೇರಿ ಹನ್ನೊಂದು ಹಾಳೆ ತುಂಬಿಸಿದ್ದೆವು. ಈ ಸಲ ಮೇಷ್ಟ್ರು ಎಣಿಸಿದರು, ಹತ್ತೊಂಬತ್ತು. ಬ್ಯಾಂಕಿನವರು ಕಿತ್ತುಕೊಂಡು ಮತ್ತೆ ಎಣಿಸಿದರು, ಹತ್ತೊಂಬತ್ತೇ.

ಸ್ಪರ್ಧೆಯವರಿಗೆ ಕಳಿಸುವ ಮೊದಲು ಮೇಲುಹಾಳೆ ತುಂಬಬೇಕು. ಅದು ಮೇಷ್ಟ್ರ ಕೆಲಸ. ಅವರು ಕ್ಲಬ್ಬಿನ ವಿವರವೆಲ್ಲ ಬರೆದು, ಆಪರೇಟರ್ ಎಂಬ ಖಾನೆಯಲ್ಲಿ ಏನೂ ಕೇಳದೆ ನನ್ನ ಹೆಸರು ಬರೆದರು. ಪೆನ್ನು ಕೆಳಗಿನ ಖಾನೆಗೆ ಬಂದು ನಿಂತಿತು. ಲಾಗ್ ಬರೆದವರು, ಅಂದರೆ ಈ ಹಾಳೆಗಳನ್ನು ತುಂಬಿಸಿದವರು, ಎಂದು ಅಲ್ಲಿ ಅಚ್ಚಾಗಿತ್ತು.

"ಇಲ್ಲಿ?" ಎಂದು ನನ್ನ ಮುಖ ನೋಡಿದರು.

"ಅಲ್ಲೂ ನಾನೇ ಸಾರ್."

ಅವರು ಮತ್ತೆ ನನ್ನ ಹೆಸರು ಬರೆಯತೊಡಗಿದರು. ನಾನು ಮೇಜಿನ ಮೇಲೆ ಬಗ್ಗಿ ನೋಡುತ್ತ ನಿಂತೆ.

"ಒಂಚೂರು ದೊಡ್ಡದಾಗಿ ಬರೀರಿ ಸಾರ್," ಎಂದೆ.